ಮಿಕ್ಕ ಸಾಮಾನಿನ ಕಾರ್ಡು

ಬಾಡಿಗೆ ಹಾಲ್‌ಗಳಲ್ಲಿ ಪಾರ್ಟಿ ಅಲಂಕಾರ ಮಾಡುವ ಬಲೂನ್ ಮಾವನ ಮನೆಯಲ್ಲಿ ಅಂಗಡಿಯಿಂದ ನೇರ ಬಂದ ವಸ್ತು ಕಡಿಮೆ. ಕಿಟಕಿಯ ಪರದೆ ಯಾರದೋ ಬೆಳ್ಳಿಹಬ್ಬದ್ದು, ಮೇಜಿನ ಬಟ್ಟೆ ಯಾರದೋ ನಿವೃತ್ತಿಯದ್ದು. "ಎಸೆಯೋಕೆ ಕೈ ಸಾಕು, ಇಟ್ಕೊಳ್ಳೋಕೆ ತಲೆ ಬೇಕು" ಎಂದು ಎದೆಯುಬ್ಬಿಸುತ್ತಿದ್ದ. "ತಲೆ ಇರ್ಲಿ, ಮೊದಲು ಜಾಗ ಬೇಕು" ಎನ್ನುತ್ತಿದ್ದಳು ಹೆಂಡತಿ.

ಇಬ್ಬರೂ ಸೇರಿ ಸಾಕಿದ್ದು ಅವನ ತೀರಿಹೋದ ಅಕ್ಕನ ಮಗಳನ್ನು. ಅವಳು ಚಿಕ್ಕವಳಿದ್ದಾಗ, ಜಡೆಗೆ ಕಟ್ಟಿದ ರಿಬ್ಬನ್ ನೋಡಿ ಸಹಪಾಠಿಯೊಬ್ಬಳು "ಇದು ನನ್ನ ಬರ್ತ್‌ಡೇದು!" ಎಂದು ತರಗತಿಗೆಲ್ಲ ಕೇಳುವಂತೆ ಕೂಗಿದ್ದಳು. ಹುಡುಗಿ ಅಳುತ್ತ ಬಂದು, "ಮಿಕ್ಕಿದ್ದು ನಂಗೆ ಬೇಡ ಮಾವ" ಎಂದಿದ್ದಳು. ಅಂದಿನಿಂದ ಅವಳಿಗೆ ಎಲ್ಲವೂ ಹೊಸದೇ. ಮಾವನ ಎದೆಯಲ್ಲಿ ಮಾತ್ರ ಆ ಮಾತು ಮುಳ್ಳಾಗಿ ಉಳಿಯಿತು.

ಈಗ ಅವಳು ಪದವೀಧರೆ. ಅಂಗಡಿಯ ಅಭಿನಂದನೆ ಕಾರ್ಡುಗಳನ್ನೆಲ್ಲ ತಿರುವಿ ಹಾಕಿದರೂ ಮಾವನಿಗೆ ಒಂದೂ ಒಪ್ಪಿಗೆಯಾಗಲಿಲ್ಲ. ಹುಟ್ಟುಗುಣ ಬಿಟ್ಟೀತೆ? ಪಾರ್ಟಿಯಲ್ಲಿ ಮಿಕ್ಕ ಪೇಪರ್ ತಟ್ಟೆ ಮಡಚಿ ಕಾರ್ಡು ಮಾಡಿದ, ಕಪ್ಪು ಕಾಗದದ ಪದವಿ ಟೋಪಿ ಅಂಟಿಸಿದ, ಅದಕ್ಕೆ ಹೊಳೆಯುವ ದಾರದ ಕುಚ್ಚು ಕಟ್ಟಿದ, ಒಳಗೆಲ್ಲ ಮಿನುಗುಪುಡಿ ಉದುರಿಸಿದ. ಕಾರ್ಡೇನೋ ಕಣ್ಣಿಗೆ ಹಬ್ಬವಾಯಿತು. ಕೊಡುವ ಧೈರ್ಯ ಬರಲಿಲ್ಲ. ಮತ್ತೆ ಅವಳ ಮುಖ ಬಾಡಿದರೆ?

ಪದವಿ ಸಮಾರಂಭ ಮುಗಿದು ಅವಳು ಕಾಲೇಜಿನ ಅಂಗಳದಲ್ಲಿ ಗೆಳತಿಯರ ನಡುವೆ ನಿಂತಿದ್ದಳು. ಮಾವ ಅಂಗಿಯೊಳಗೆ ಕೈಯಿಟ್ಟವನು ಹಾಗೇ ನಿಂತ.

"ಕೊಡ್ರೀ, ಮೊಟ್ಟೆ ಇಡೋ ಕೋಳಿ ಥರ ಯಾಕೆ ಒದ್ದಾಡ್ತೀರಿ!" ಎಂದು ಹೆಂಡತಿ ಕಾರ್ಡು ಕಿತ್ತುಕೊಂಡು ಹುಡುಗಿಯ ಕೈಗಿಟ್ಟಳು.

ಬಿಚ್ಚಿದ್ದೇ ತಡ, ಪುಡಿಯೆಲ್ಲ ಅವಳ ಬಾಡಿಗೆ ಗೌನಿನ ಮೇಲೆ ಚೆಲ್ಲಿತು. ಮಾವನ ಜೀವ ಬಾಯಿಗೆ ಬಂತು. ಅಂಗೈಯಿಂದ ಒರೆಸಹೋದರೆ ಇನ್ನಷ್ಟು ಹರಡಿತು. ಆ ಪುಡಿಯ ಹಟ ಅವನಿಗೆ ಗೊತ್ತಿಲ್ಲದ್ದೇ?

"ತಪ್ಪಾಯ್ತಮ್ಮ, ಹೊಸದು ತರ್ಬೇಕಿತ್ತು..."

ಅವಳು ಅವನ ಕೈ ಹಿಡಿದು ನಿಲ್ಲಿಸಿದಳು. ಕಾರ್ಡನ್ನು ಮೇಲೆತ್ತಿ, "ನೋಡ್ರೇ, ನಮ್ಮ ಮಾವ ಮಾಡಿದ್ದು! ಪಾರ್ಟೀಲಿ ಮಿಕ್ಕ ಸಾಮಾನಲ್ಲಿ!" ಎಂದು ಅಂಗಳಕ್ಕೆಲ್ಲ ಕೇಳುವಂತೆ ಹೇಳಿದಳು.

"ಮಾವ, ನಂಗೂ ಒಂದು ಮಾಡ್ಕೊಡಿ" ಎಂದಳು ಒಬ್ಬ ಗೆಳತಿ.

ಹೋದ ಜೀವ ಬಂದಂತಾಗಿ ಮಾವ ಮೆಟ್ಟಿಲ ಮೇಲೆ ಕುಸಿದು ಕುಳಿತ. ಇಷ್ಟು ವರ್ಷ ತಡೆದಿದ್ದ ಅಳು ನಾಚಿಕೆಯಿಲ್ಲದೆ ಹೊರಬಂತು.

"ಅಳೋದು ಆಮೇಲೆ ಮಾವ, ಫೋಟೋಗೆ ಬನ್ನಿ" ಎಂದಳು ಸೊಸೆ.

"ಗೌನು ಒರೆಸ್ಕೊಳ್ಳಮ್ಮ..."

"ಒರೆಸಲ್ಲ" ಎಂದು ಅವಳು ಅವನ ತೋಳು ಹಿಡಿದು ಗೆಳತಿಯರ ನಡುವೆ ನಿಲ್ಲಿಸಿಕೊಂಡಳು.