ಬೀರುವಿನ ಮುಂದೆ ನಡೆಯುವವಳು

ಸಾಮಾನು ಹೊರುವವರ ಮನೆಗೆ ಸೊಸೆಯಾಗಿ ಬಂದ ಈ ಹೆಂಗಸು ನೋಡೋಕೆ ಹಿಡಿಯಷ್ಟು. ಒಂದು ಕುರ್ಚಿ ಎತ್ತಿದರೆ ಎರಡು ಸಲ ಕೂತು ಸುಧಾರಿಸಿಕೊಳ್ಳಬೇಕು. ಆದರೂ ಹನ್ನೆರಡು ವರ್ಷದಿಂದ ಅವಳಿಲ್ಲದೆ ಗಂಡನಾಗಲಿ ಮೈದುನನಾಗಲಿ ಒಂದು ಬೀರು ಇಳಿಸಿದವರಲ್ಲ. ಎಲ್ಲರೂ ಕರೆಯೋದು ಕಣ್ಣಕ್ಕ ಅಂತ.

ಯಾಕೆ ಅಂತೀರಾ? ಭಾರ ಹೊತ್ತವನಿಗೆ ಮುಂದೇನಿದೆ ಕಾಣುವುದಿಲ್ಲ. ಕೆಳಗಿನವನು ಹಿಮ್ಮುಖವಾಗಿ ಮೆಟ್ಟಿಲಿಳಿಯುತ್ತಾನೆ, ಮೇಲಿನವನ ಕಣ್ಣಿಗೆ ಬರೀ ತಗಡು. ಹಾಗಾಗಿ ಕಣ್ಣಕ್ಕ ಮುಂದೆ ನಡೆದು ದಾರಿಯಲ್ಲಿರೋದನ್ನು ಹೆಸರಿಟ್ಟು ಕೂಗುತ್ತಾಳೆ. ಚಪ್ಪಲಿ, ಬಕೆಟ್ಟು, ಕಾಲಲ್ಲಿ ತಳ್ಳಿದರೆ ಸರಿಯುವಂಥದ್ದೆಲ್ಲ 'ಅಡ್ಡ'. ಚಿಲಕ, ಮೊಳೆ, ಎಲ್ಲಾದರೂ ಹಿಡಿದುಕೊಳ್ಳುವಂಥದ್ದು 'ಕೊಕ್ಕೆ'. ಗೋಡೆಗಳು ಹತ್ತಿರವಾದರೆ 'ಇರುಕು'. ನೀರಿದ್ದರೆ 'ಜಾರು'. 'ಹುಷಾರು' ಅನ್ನೋ ಮಾತು ಮಾತ್ರ ಬಾಯಿಗೆ ಬರಕೂಡದು. ಅದನ್ನು ಕೇಳಿದವನು ಏನಪ್ಪಾ ಅಂತ ತಿರುಗಿ ನೋಡುತ್ತಾನೆ, ಭಾರ ಕಾಯುವುದಿಲ್ಲ.

ಆವತ್ತು ಮೂರನೇ ಮಹಡಿಯಿಂದ ಎರಡು ಬಾಗಿಲಿನ ಕಬ್ಬಿಣದ ಬೀರು ಇಳಿಯುತ್ತಿತ್ತು. ಕೆಳಗೆ ಗಂಡ, ಮೇಲೆ ಮೈದುನ. ತಿರುವಿನ ಹತ್ತಿರ ಯಾರೋ ಆಗಷ್ಟೇ ಮೆಟ್ಟಿಲು ಒರೆಸಿದ್ದರು. ಗಂಡನ ಹಿಮ್ಮಡಿ ಒದ್ದೆಯ ಅಂಚಿಗೆ ಹೋಗೋದು ಕಂಡಿದ್ದೇ ತಡ, ಹನ್ನೆರಡು ವರ್ಷದ ಅಭ್ಯಾಸ ಹಾರಿಹೋಯಿತು.

"ರೀ, ಹುಷಾರು!"

ಅವನು ತಿರುಗಿದ. ಕಾಲು ಜಾರಿ ಮೆಟ್ಟಿಲ ಮೇಲೆ ಕುಕ್ಕರಿಸಿದ. ಬೀರು ದಡಬಡನೆ ಇಳಿದು ಅವನ ತೊಡೆಯನ್ನು ಗೋಡೆಗೆ ಒತ್ತಿ ನಿಂತಿತು. ಮೇಲೆ ಮೈದುನ ಬೀರುವಿಗೆ ಸುತ್ತಿದ್ದ ಹೆಗಲ ಪಟ್ಟಿಯಲ್ಲಿ ಅಷ್ಟೂ ಭಾರ ತಡೆದು ಹಲ್ಲು ಕಚ್ಚಿದ್ದ. ಅವನು ಬಿಟ್ಟರೆ ಬೀರು ಅಣ್ಣನ ಎದೆಯ ಮೇಲೆ.

"ಎತ್ತೋ!" ಅಂದ ಗಂಡ.

"ಬರ್ತಿಲ್ಲ ಅಣ್ಣಾ! ಏನೋ ಹಿಡ್ಕೊಂಡಿದೆ!"

ಬೀರುವಿನ ಯಜಮಾನ ಮೇಲಿಂದ ಶುರುಮಾಡಿದ: "ಎಡಕ್ಕೆ ತಳ್ರೀ! ಅಲ್ಲ, ಬಲಕ್ಕೆ! ಬಣ್ಣ ಕಿತ್ತೋಗ್ತದೆ ನೋಡ್ರಿ!"

"ಸ್ವಾಮಿ, ಬಾಯಿ ಸಾಕು, ಕೈ ಕೊಡಿ!" ಅಂದಳು ಕಣ್ಣಕ್ಕ. ಅವನು ತೆಪ್ಪಗಾಗಿ ಓಡಿಬಂದು ಮೈದುನನ ಪಕ್ಕ ಪಟ್ಟಿ ಹಿಡಿದ.

ಅವಳು ಮೆಟ್ಟಿಲಿಗೆ ಕೆನ್ನೆ ಹಚ್ಚಿ ಬೀರುವಿನ ಅಡಿ ನೋಡಿದಳು. ಅದರ ಬಲಗಾಲು ಮೆಟ್ಟಿಲ ಪಕ್ಕದ ಕಂಬಿಯ ಬುಡದ ಸಂದಿಗೆ ಇಳಿದು ಸಿಕ್ಕಿಕೊಂಡಿತ್ತು. ಮೇಲಕ್ಕೆಳೆದಷ್ಟೂ ಬಿಗಿ. ಬಿಡಿಸಬೇಕಾದರೆ ಮೊದಲು ಕೆಳಗೆ ಬಿಡಬೇಕು, ಗಂಡನ ಕಡೆಗೆ. ಆದರೂ ಸ್ವರ ನಡುಗದ ಹಾಗೆ ಕೂಗಿದಳು.

"ಕೊಕ್ಕೆ, ಬಲಗಾಲು. ಒಂದು ಬೆರಳಷ್ಟು ಕೆಳಗೆ ಬಿಡು."

"ಕೆಳಗಾ? ಅತ್ತಿಗೆ, ಕೆಳಗೆ ಅಣ್ಣ ಇದಾನೆ!"

"ಗೊತ್ತು ಕಣೋ, ನಾನೇ ಕಟ್ಕೊಂಡಿದ್ದು. ಒಂದೇ ಬೆರಳು."

ಮೈದುನ ಪಟ್ಟಿಯನ್ನು ಇನ್ನಷ್ಟು ಬಿಗಿಹಿಡಿದ.

ಗಂಡ ಉಸಿರು ಹಿಡಿದು ಅಂದ, "ಅವಳು ಹೇಳಿದ್ ಹಾಗೆ ಮಾಡೋ."

ಬೀರು ಕಿರ್ರೆಂದು ಒಂದು ಬೆರಳು ಇಳಿಯಿತು. ಗಂಡನ ಬಾಯಿಂದ ಹೊರಟ ಸದ್ದನ್ನು ಕಣ್ಣಕ್ಕ ಕೇಳಿಯೂ ಕೇಳದವಳಂತೆ ಸಂದಿಗೆ ಕೈ ತೂರಿಸಿ, ಕಬ್ಬಿಣದ ಕಾಲನ್ನು ಅಂಗೈಯಿಂದ ಆಚೆ ನೂಕಿದಳು. ಚರ್ಮ ಸುಲಿಯಿತು. ಕಾಲು ಬಿಟ್ಟುಕೊಂಡಿತು.

"ಬಿಡ್ತು! ಎತ್ತು!"

ಇಬ್ಬರೂ ಎಳೆದರು. ಬೀರು ಒಂದು ಮೆಟ್ಟಿಲು ಏರಿತು. ಗಂಡ ಕುಂಡಿಯ ಮೇಲೇ ತೆವಳಿ ತಿರುವಿಗೆ ಬಂದ. ಅವಳು ಅವನ ಚಪ್ಪಲಿ ಕಿತ್ತೆಸೆದಳು.

"ಬೆರಳು ಆಡ್ಸಿ."

ಅವನು ಆಡಿಸಿದ. ಅವಳು ಒಂದೊಂದನ್ನೂ ಮುಟ್ಟಿ ನೋಡಿದಳು. ತೊಡೆ ಆಗಲೇ ನೀಲಿಗಟ್ಟುತ್ತಿತ್ತು. ಹದಿನೈದು ದಿನ ಅವನು ಭಾರ ಹೊರುವ ಮಾತಿಲ್ಲ ಅಂತ ಅಲ್ಲೇ ತೀರ್ಮಾನಿಸಿದಳು. ಆಮೇಲೆ ಗೋಡೆಗೊರಗಿ ಕೂತುಬಿಟ್ಟಳು.

"ನನ್ನಿಂದ ಆಯ್ತು ರೀ."

"ಹೌದು, ನಿನ್ನಿಂದ್ಲೇ ಬಿದ್ದೆ," ಅಂದ ಅವನು. "ನಿನ್ನಿಂದ್ಲೇ ಎದ್ದೆ. ಕೈ ತೋರ್ಸು."

ಮೇಲಿಂದ ಮೈದುನ ಕೂಗಿದ: "ಅತ್ತಿಗೇ, ಸಂಸಾರದ ಮಾತು ಆಮೇಲೆ ಆಡ್ಕೊಳ್ಳಿ! ನಾನೂ ಯಜಮಾನ್ರೂ ಇನ್ನೂ ಹೊತ್ಕೊಂಡೇ ನಿಂತಿದೀವಿ!"