ಬಾವಿಗೆ ಬಿದ್ದವಳ ನಾಲ್ಕು ಸನ್ಮಾನ

ನಾನು ಬಾವಿಗೆ ಬಿದ್ದದ್ದು ಒಂದೇ ಸಲ. ಆದರೆ ನನ್ನನ್ನು ಮೇಲೆತ್ತಿದ್ದಕ್ಕೆ ಸನ್ಮಾನ ನಡೆದದ್ದು ನಾಲ್ಕು ಊರುಗಳಲ್ಲಿ. ಮೊದಲು ಸಿಂದಗಿ, ಆಮೇಲೆ ಇಂಡಿ, ಮುದ್ದೇಬಿಹಾಳ, ಕೊನೆಗೆ ಬಸವನ ಬಾಗೇವಾಡಿ. ನಾಲ್ಕೂ ಕಡೆ ನನ್ನನ್ನೂ ವೇದಿಕೆ ಹತ್ತಿಸಿದರು. ಸನ್ಮಾನ ನನಗಲ್ಲ, ಎತ್ತಿದವರಿಗೆ. ನಾನು ಬರೀ ಸಾಕ್ಷಿ. ಮದುವೆಯಲ್ಲಿ ಆಯೇರಿಯಾಗಿ ಬಂದ ಸೀರೆಯನ್ನು ಬಂದವರಿಗೆಲ್ಲ ಬಿಚ್ಚಿ ತೋರಿಸುವ ಹಾಗೆ ನನ್ನನ್ನು ತೋರಿಸಿದರು.

ಬಿದ್ದ ಕಥೆಯನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಭಾಷಣಗಳಲ್ಲಿ ಅದು ಬೆಳೆಯುತ್ತ ಹೋಗುತ್ತದೆ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದು ನಿವೃತ್ತಳಾದ ಮರುವರ್ಷ ಅದು. ನಮ್ಮ ಹೊಲದಲ್ಲಿ ಮೊಬೈಲಿಗೆ ರೇಂಜ್ ಸಿಗುವ ಜಾಗ ಒಂದೇ, ಬಾವಿಯ ದಂಡೆ. ನಾದಿನಿಯ ಜೊತೆ ಫೋನಿನಲ್ಲಿ ಜಗಳ ನಡೆದಿತ್ತು. ಆಕೆ ಒಂದು ಚುಚ್ಚುಮಾತು ಆಡಿದಳು, ಅಷ್ಟರಲ್ಲೇ ದನಿ ಕಡಿಯಿತು. ಪೂರ್ತಿ ಕೇಳಿಸಿಕೊಳ್ಳದೆ ಉತ್ತರ ಕೊಡುವುದು ಹೇಗೆ? "ಏನಂದೀ? ಇನ್ನೊಮ್ಮೆ ಅನ್ನು" ಎನ್ನುತ್ತ ಹಿಂದಕ್ಕೆ ಸರಿದೆ. ಹಿಂದೆ ಬಾವಿ ಇತ್ತು.

ನೀರು ಎದೆಯ ತನಕ. ಒಂದು ಕೈಯಲ್ಲಿ ಪಂಪಿನ ಪೈಪು ಹಿಡಿದುಕೊಂಡೆ, ಇನ್ನೊಂದು ಕೈಯಲ್ಲಿ ಮೊಬೈಲನ್ನು ನೀರಿಗೆ ತಾಗದಂತೆ ಎತ್ತಿ ಹಿಡಿದೆ. ಹೊಸದು, ಮಗ ಕೊಡಿಸಿದ್ದು. ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ನನ್ನ ಕೂಗು ಕೇಳಿ ಓಡಿ ಬಂದರು. ಅವರಲ್ಲೊಬ್ಬಳು ಅಗ್ನಿಶಾಮಕ ಠಾಣೆಗೆ ಫೋನು ಮಾಡಿದಳು. ಯಾವ ಊರಿನ ಠಾಣೆ ಎಂದು ನಾನು ಹೇಳುವುದಿಲ್ಲ. ನನ್ನನ್ನು ಎತ್ತಿದವನ ನೌಕರಿ ಇನ್ನೂ ಬಾಕಿ ಇದೆ.

ಬಂದವರಲ್ಲಿ ಕೆಳಗೆ ಇಳಿದವನು ಗಾಡಿಯ ಚಾಲಕ. ಅವನ ಕೆಲಸ ಗಾಡಿ ಓಡಿಸುವುದು, ಬಾವಿಗೆ ಇಳಿಯುವುದಲ್ಲ. ಆದರೆ ಉಳಿದವರೆಲ್ಲ ಮೈಕೈ ತುಂಬಿಕೊಂಡವರು, ಇವನೊಬ್ಬ ಸಣಕಲ. ಬಾವಿಯ ಕಲ್ಲುಗಳು ಸಡಿಲವಾಗಿದ್ದವು, ಭಾರ ತಡೆಯುತ್ತಿರಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇವನೇ ಇಳಿದ. ನನ್ನ ಮುಂದೆ ನೀರಿಗೆ ಧುಮುಕಿ ಇನ್ನೊಂದು ಹಗ್ಗ ಚಾಚಿದ. ನನಗೆ ಹಿಡಿದುಕೊಳ್ಳಲು ಕೈ ಖಾಲಿ ಇರಲಿಲ್ಲ.

"ಅಕ್ಕೋರ, ಮೊಬೈಲ್ ಬಿಡ್ರಿ, ಹಗ್ಗ ಹಿಡೀರಿ!" ಎಂದು ಗದರಿದ.

"ಹೊಸಾದ್ ಐತೋ ತಮ್ಮಾ!"

"ನೀವ್ ಹಳೇವ್ರದೀರಿ, ಮದಲ ನಿಮ್ಮನ್ನ ತಗೀತೇನಿ. ಬಿಡ್ರಿ!"

ಬಿಟ್ಟೆ. ಅದು ಇನ್ನೂ ಅಲ್ಲೇ ಇದೆ. ಅವನು ನನ್ನ ಕಂಕುಳಿಗೆ ಹಗ್ಗ ಬಿಗಿದು, ಕೆಳಗಿನಿಂದ ಹೆಗಲು ಕೊಟ್ಟು ತಳ್ಳಿದ. ಮೇಲಿನವರು ಜಗ್ಗಿದರು. ನನ್ನ ತೂಕ ಎಷ್ಟೆಂದು ಬರೆಯುವುದಿಲ್ಲ. ಅವನ ಹೆಗಲು ಆಮೇಲೆ ಬಹಳ ದಿನ ಬಾತುಕೊಂಡಿತ್ತು ಎಂದರೆ ಸಾಕು.

ನನ್ನ ತಲೆ ದಂಡೆಯ ಮೇಲೆ ಕಂಡ ಹೊತ್ತಿಗೆ ಸರಿಯಾಗಿ ಠಾಣೆಯ ಅಧಿಕಾರಿಗಳು ಜೀಪಿನಿಂದ ಇಳಿದರು. ಇಸ್ತ್ರಿ ಮುರಿಯದ ಖಾಕಿ. ಬಂದವರೇ ಕೈ ಚಾಚಿದರು, ನಾನು ಹಿಡಿದೆ. ಮುಳುಗುವವಳು ಯಾರ ಕೈ ಎಂದು ನೋಡುತ್ತಾಳೆಯೇ? ಯಾರೋ ಮೊಬೈಲಿನಲ್ಲಿ ಫೋಟೋ ಹೊಡೆದರು. ಮರುದಿನ ಪೇಪರಿನಲ್ಲಿ ಅದೇ ಬಂತು. ಅವರ ಕೈಯಲ್ಲಿ ನನ್ನ ಕೈ, ಕೆಳಗೆ 'ಸಮಯಪ್ರಜ್ಞೆ ಮೆರೆದ ಅಧಿಕಾರಿ'. ಫೋಟೋ ಸುಳ್ಳಲ್ಲ, ಅದೇ ಅದರ ಚಾಲಾಕಿ. ಆ ಹೊತ್ತಿನಲ್ಲಿ ಚಾಲಕ ಇನ್ನೂ ಬಾವಿಯೊಳಗೆ ಇದ್ದ. ಅವನ ಹಗ್ಗ ಜಗ್ಗಲು ಯಾರಿಗೂ ನೆನಪಾಗಿರಲಿಲ್ಲ, ಎಲ್ಲರೂ ಫೋಟೋದಲ್ಲಿ ನಿಂತಿದ್ದರು.

ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು. ಸಿಂದಗಿಯ ಒಂದು ಬಳಗದವರು ಮೊದಲು ಕರೆದರು. ನಮ್ಮ ಕಡೆ ಸನ್ಮಾನಕ್ಕೆ ಕಾರಣ ಬೇಕೆಂದಿಲ್ಲ, ಶಾಲು ಇದ್ದರೆ ಸಾಕು. ಹೊದಿಸುವವರು ತಯಾರಾಗಿ ನಿಂತಿರುತ್ತಾರೆ, ಹೆಗಲು ಹುಡುಕುವುದೊಂದೇ ಬಾಕಿ. ಅಧಿಕಾರಿಗಳಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ನೆನಪಿನ ಕಾಣಿಕೆ. ನನಗೆ ಹೂವಿನ ಹಾರ. ಸಿಂದಗಿಯಲ್ಲಿ ಇನ್ನೂ ಎಲ್ಲ ಅಳತೆಯಲ್ಲಿತ್ತು. ಬಾವಿ ಬಾವಿಯಷ್ಟೇ ಇತ್ತು, ನಾನು 'ನಿವೃತ್ತ ಶಿಕ್ಷಕಿ'ಯಾಗಿದ್ದೆ.

ಇಂಡಿಗೆ ಹೋಗುವ ಹೊತ್ತಿಗೆ ಬಾವಿ ಎರಡರಷ್ಟು ಆಳವಾಯಿತು. ನಾನು 'ಹಿರಿಯ ಜೀವ'ವಾದೆ, ಬಾಯಾರಿದ ಕರುವಿಗೆ ನೀರು ಸೇದಲು ಹೋಗಿ ಜಾರಿದೆ. ನಮ್ಮ ಮನೆಯಲ್ಲಿ ಕರು ಇಲ್ಲ. ಅಧಿಕಾರಿಗಳು ಮೈಕಿನ ಮುಂದೆ ಗದ್ಗದಿತರಾದರು.

"ನಾನು ಆ ತಾಯಿಗೆ ಒಂದೇ ಮಾತು ಹೇಳಿದೆ. ತಾಯೀ, ಹೆದರಬೇಡಿ, ನಾನಿದ್ದೇನೆ!"

ಜನ ಚಪ್ಪಾಳೆ ತಟ್ಟಿದರು. ನನಗೆ 'ಮೊಬೈಲ್ ಬಿಡ್ರಿ' ಎಂದ ದನಿ ನೆನಪಾಗಿ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ. ನಿರೂಪಕರು, "ತಾಯಿ ಆನಂದಬಾಷ್ಪ ಸುರಿಸುತ್ತಿದ್ದಾರೆ" ಎಂದರು.

ಈ ಎಲ್ಲ ಊರಿಗೂ ನಮ್ಮನ್ನು ಇಲಾಖೆಯ ಜೀಪಿನಲ್ಲಿ ಕರೆದುಕೊಂಡು ಹೋಗುತ್ತಿದ್ದವನು ಅದೇ ಚಾಲಕ. ಅಧಿಕಾರಿಗಳು ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಊರು ಬಂದ ಮೇಲೆ ನಾವು ವೇದಿಕೆಗೆ, ಅವನು ಗಾಡಿಯ ಹತ್ತಿರ. ಚಾಲಕ ಗಾಡಿ ಬಿಟ್ಟು ಕದಲಬಾರದು ಎಂದು ಸಾಹೇಬರ ಕಟ್ಟಪ್ಪಣೆ. ಧ್ವನಿವರ್ಧಕದ ಬಾಯಿ ಯಾವಾಗಲೂ ಗಾಡಿ ನಿಲ್ಲಿಸುವ ಕಡೆಗೇ ಇರುತ್ತದೆ. ಹೀಗಾಗಿ ತಾನು ಮಾಡಿದ ಕೆಲಸವನ್ನು ಇನ್ನೊಬ್ಬರು ಹೇಗೆ ಮಾಡಿದರು ಎಂಬುದನ್ನು ಅವನು ಪ್ರತಿಸಲ ಪೂರ್ತಿ ಕೇಳಿಸಿಕೊಳ್ಳುತ್ತಿದ್ದ.

ಇಂಡಿಯಿಂದ ಬರುವಾಗ ಸಾಹೇಬರು ನಡುದಾರಿಯಲ್ಲಿ ಬೀಗರ ಮನೆಗೆಂದು ಇಳಿದುಕೊಂಡರು. ಮೋರಟಗಿ ದಾಟಿದೆವು. ಆಮೇಲೆ ಚಾಲಕ ಕನ್ನಡಿಯಲ್ಲಿ ನನ್ನನ್ನು ನೋಡಿದ.

"ಅಕ್ಕೋರ, ನಿಮ್ಮ ಮನಿಯಾಗ ಕರ ಯಾವಾಗ ಹುಟ್ಟಿತ್ರಿ?"

ಇಬ್ಬರೂ ನಕ್ಕೆವು. ಸಾಹೇಬರ ಹಣ್ಣಿನ ಬುಟ್ಟಿಯಿಂದ ಒಂದು ಬಾಳೆಹಣ್ಣು ಕಿತ್ತುಕೊಟ್ಟೆ. ಅವನು ತಿನ್ನಲಿಲ್ಲ, ಮುಂದಿನ ಹಲಗೆಯ ಮೇಲೆ ಇಟ್ಟ.

"ಶಾಲ್ ನನಗ ಬ್ಯಾಡ್ರಿ. ಸುಳ್ಳ್ಯಾಕ, ಬೇಕ ಅನಸ್ತೈತಿ, ಆದ್ರ ಇಲ್ದಿದ್ರೂ ನಡೀತೈತಿ. ನನ್ನ ಮಗಳದ್ ಒಂದ ಚಿಂತಿ ಆಗೇತಿ."

ಮಗಳು ಆರನೆಯ ಇಯತ್ತೆ. ಅಪ್ಪ ಬಾವಿಗಿಳಿದ ಕಥೆಯನ್ನು ಶಾಲೆಯಲ್ಲಿ ಹೇಳಿದ್ದಳು. ಗದರಿದ ಮಾತನ್ನೂ ಬಿಡದೆ ಹೇಳಿದ್ದಳು. ಮರುದಿನ ಗುರುಗಳು ಪೇಪರಿನ ಫೋಟೋವನ್ನು ಗೋಡೆಗೆ ಅಂಟಿಸಿದರು. ಅದರಲ್ಲಿ ಅವಳ ಅಪ್ಪ ಇರಲಿಲ್ಲ. ಅಷ್ಟೇ ಸಾಕಾಯಿತು. ಗುರುಗಳು ಸಿಟ್ಟಾಗಲಿಲ್ಲ, ಎಲ್ಲರ ಮುಂದೆ ಸಮಾಧಾನದಿಂದ, ಸುಳ್ಳು ಹೇಳಿ ಅಪ್ಪನನ್ನು ದೊಡ್ಡವನನ್ನಾಗಿ ಮಾಡಬಾರದಮ್ಮ ಎಂದರು. ಅಂದಿನಿಂದ ಅವಳು ಅಂಗಳಕ್ಕೆ ಬಂದರೆ ಹುಡುಗರು ಕೂಗುತ್ತಾರೆ, "ಮೊಬೈಲ್ ಬಿಡ್ರಿ, ಹಗ್ಗ ಹಿಡೀರಿ!"

"ಈಗ ಸಾಲಿಗಿ ಒಲ್ಲೆ ಅಂತಾಳ್ರಿ. ಮನ್ನೆ ನನ್ನನ್ನ ಕೇಳಿದ್ಳು, ಅಪ್ಪಾ, ನೀ ಖರೇನ ಇಳದಿದ್ದೇನು ಅಂತ." ಅವನು ಗೇರು ಬದಲಿಸಿದ. "ಅಕೀಗೇ ಸಂಶೆ ಬಂದೈತ್ರಿ. ಠಾಣೇದವ್ರು ಸಾಹೇಬ್ರಿಗಿ ಅಂಜತಾರ, ನೋಡಿದವ್ರಾಗ ಮೈಕ್ ಸಿಗೋದು ನಿಮಗೊಬ್ರಿಗೇ. ಒಮ್ಮೆ ಮೈಕಿನ್ಯಾಗ ಹೇಳ್ರಿ, ಪೇಪರಿನ್ಯಾಗ ಬರಲಿ."

ನನಗೆ ಮೈಮೇಲೆ ಬೆಂಕಿ ಸುರಿದಂತಾಯಿತು. ಮಕ್ಕಳಿಗೆ ನಿಜ ಹೇಳಬೇಕೆಂದು ನೌಕರಿಯುದ್ದಕ್ಕೂ ಕಲಿಸಿದವಳು ನಾನು. ನಿಜ ಹೇಳಿದ ಮಗು ಸುಳ್ಳಿಯಾಗಿ ಕೂತಿದ್ದರೆ ನಾನು ಊರೂರು ಸುತ್ತಿ ಹಾರ ಹಾಕಿಸಿಕೊಳ್ಳುತ್ತಿದ್ದೆ.

ಮುದ್ದೇಬಿಹಾಳದಲ್ಲಿ ಹೇಳಿಯೇ ಬಿಡುತ್ತೇನೆಂದು ಹೋದೆ. ಅಲ್ಲಿ ನನಗೆ ಎಂಬತ್ತು ವರ್ಷ ಆಗಿತ್ತು. ಗಂಗಮ್ಮನ ಪೂಜೆಗೆಂದು ಬಾವಿಗೆ ಹೋಗಿದ್ದೆ. ಬಾವಿಯ ತಳ ಯಾರಿಗೂ ಕಾಣುತ್ತಿರಲಿಲ್ಲ. ನನ್ನ ಸರದಿ ಬರುವಷ್ಟರಲ್ಲಿ ಮುಖ್ಯ ಅತಿಥಿಗಳಿಗೆ ನಾಲತವಾಡದಲ್ಲಿ ಇನ್ನೊಂದು ಕಾರ್ಯಕ್ರಮ ನೆನಪಾಯಿತು. ವಂದನಾರ್ಪಣೆ ಮಾಡಿ ಎಲ್ಲರೂ ಊಟಕ್ಕೆ ಎದ್ದರು. ಶೇಂಗಾ ಹೋಳಿಗೆ ಚೆನ್ನಾಗಿತ್ತು, ಸಿಟ್ಟಿನಲ್ಲಿ ಎರಡು ತಿಂದೆ.

ಬಸವನ ಬಾಗೇವಾಡಿಯವರು ಕರೆದಾಗ ನಾನು ಷರತ್ತು ಹಾಕಿದೆ. ಮೈಕು ಮೊದಲು ನನಗೆ ಕೊಡಬೇಕು, ಇಲ್ಲದಿದ್ದರೆ ಬೇರೆ ಮುದುಕಿಯನ್ನು ಹುಡುಕಿಕೊಳ್ಳಿ. ಪಾಪ, ಒಪ್ಪಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾಣತನವನ್ನೆಲ್ಲ ಮನೆಯಲ್ಲೇ ಬಿಟ್ಟು ಹೋಗಿದ್ದೆ.

"ನನ್ನನ್ನು ಬಾವಿಯಿಂದ ಎತ್ತಿದವರು ಈ ಸಾಹೇಬರಲ್ಲ," ಎಂದೆ. "ಹೊರಗೆ ಜೀಪಿನ ಹತ್ತಿರ ನಿಂತಿದ್ದಾರಲ್ಲ, ಆ ಚಾಲಕರು. ಇವರು ಬಂದದ್ದು ನಾನು ಮೇಲೆ ಬಂದ ಮೇಲೆ."

ಮುಂದಿನ ಸಾಲಿನವರು ಹೊರಗಿನ ಕಡೆ ಕತ್ತು ತಿರುಗಿಸಿದರು. ನನ್ನ ಎದೆ ಹಗುರಾಯಿತು. ಅಷ್ಟರಲ್ಲಿ ನಿರೂಪಕರು ಮೈಕು ಕಿತ್ತುಕೊಂಡರು. ಆ ಮನುಷ್ಯನ ನಾಲಿಗೆಗೆ ಎಲುಬಿರಲಿಲ್ಲ.

"ಕೇಳಿದಿರಾ ಮಹನೀಯರೇ? ತನ್ನ ಕೈಕೆಳಗಿನ ಒಬ್ಬ ಸಾಮಾನ್ಯ ಚಾಲಕನಲ್ಲೂ ಇಂಥ ಧೈರ್ಯ ತುಂಬಿದ ಅಧಿಕಾರಿ ಎಂಥವರಿರಬೇಕು! ತಾನು ಹಿಂದೆ ಸರಿದು ಸಿಬ್ಬಂದಿಯನ್ನು ಮುಂದೆ ಬಿಟ್ಟ ಆ ದೊಡ್ಡ ಗುಣಕ್ಕೆ ಜೋರಾದ ಚಪ್ಪಾಳೆ!"

ಎಲ್ಲ ಊರಿಗಿಂತ ದೊಡ್ಡ ಚಪ್ಪಾಳೆ ಬಿದ್ದದ್ದು ಅಲ್ಲೇ. ಸಾಹೇಬರು ಎದ್ದು ನಿಂತು, "ನನ್ನ ಸಿಬ್ಬಂದಿ ನನ್ನ ಮಕ್ಕಳಿದ್ದಂತೆ" ಎಂದು ಕಣ್ಣೊರೆಸಿಕೊಂಡರು. ಅವರಿಗೆ ಇನ್ನೊಂದು ಶಾಲು ಹೊದಿಸಿದರು. ಹೊರಗೆ ನಿಂತ ಮಗನನ್ನು ಒಳಗೆ ಕರೆಯಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಮರುದಿನದ ಪೇಪರಿನಲ್ಲಿ 'ಸಿಬ್ಬಂದಿಗೆ ಸ್ಫೂರ್ತಿಯಾದ ಅಧಿಕಾರಿ' ಎಂದು ಬಂತು, ಎರಡು ಶಾಲಿನ ಫೋಟೋದ ಸಮೇತ.

ಆ ದಿನ ಸಭೆ ಮುಗಿಸಿ ಜೀಪಿನ ಹತ್ತಿರ ಬಂದಾಗ ಚಾಲಕ ನನ್ನ ಮುಖ ನೋಡಲಿಲ್ಲ. ಬಾಗಿಲು ತೆಗೆಯುತ್ತ, "ಹೋಗ್ಲಿ ಬಿಡ್ರಿ ಅಕ್ಕೋರ, ನಿಮ್ಮ ಕೈಲಾದಷ್ಟ ಮಾಡೀರಿ" ಎಂದ. ಬೈದಿದ್ದರೇ ಚೆನ್ನಾಗಿತ್ತು.

"ನಿನ್ನ ಮಗಳ ಸಾಲಿ ಯಾವುದು?" ಎಂದು ಕೇಳಿದೆ. ನನ್ನಂಥವಳು ವೇದಿಕೆಗಳನ್ನು ನಂಬಿ ಕೂತದ್ದೇ ತಪ್ಪು. ಫೋಟೋ ಅಂಟಿಸಿದ ಗೋಡೆ ಒಂದೇ, ಅದರ ಮುಂದೆ ಹೋಗಿ ನಿಂತರಾಯಿತು.

ಸೋಮವಾರ ತನ್ನ ಮೋಟಾರ್ ಸೈಕಲ್ಲಿನ ಮೇಲೆ ಅವನೇ ಕರೆದುಕೊಂಡು ಹೋದ. ಒಲ್ಲೆ ಎನ್ನುತ್ತಿದ್ದ ಮಗಳನ್ನು ಅಂದು ಅವಳ ಅವ್ವ ಪುಸಲಾಯಿಸಿ ಕಳಿಸಿದ್ದಳು. ಶಾಲೆಯ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ, ಅದಕ್ಕೇ ಒರಗಿ ನಿಂತುಬಿಟ್ಟ. ಇಲಾಖೆಯ ಗಾಡಿಯಲ್ಲ, ಸಾಹೇಬರೂ ಇಲ್ಲ. ಆದರೂ ನಿಂತ. ನಾನು ಒಬ್ಬಳೇ ಒಳಗೆ ಹೋದೆ.

ಆರನೆಯ ಇಯತ್ತೆಯ ಗೋಡೆಯ ಮೇಲೆ 'ನಮ್ಮ ಹೆಮ್ಮೆ' ಎಂಬ ತಲೆಬರಹದ ಕೆಳಗೆ ನಾನೂ ಸಾಹೇಬರೂ ಕೈ ಹಿಡಿದುಕೊಂಡಿದ್ದೆವು. ಹುಡುಗರು ನನ್ನನ್ನು ನೋಡಿ, ಫೋಟೋ ನೋಡಿ, "ಬಾವ್ಯಾಗ ಬಿದ್ದ ಆಯಿ ಬಂದ್ಳು!" ಎಂದು ಕೂಗಿದರು. ಗುರುಗಳು ಎಳೆಯ ವಯಸ್ಸಿನವರು. ಗಡಬಡಿಸಿ ಎದ್ದು, ಶಾಲು ಇದ್ದಿದ್ದರೆ ಹೊದಿಸುತ್ತಿದ್ದೆವು ಎಂದರು. ದೇವರು ದೊಡ್ಡವನು, ಇರಲಿಲ್ಲ.

ನಾನು ಭಾಷಣ ಮಾಡಲಿಲ್ಲ. ಕಥೆ ಹೇಳಿದೆ, ನಾದಿನಿಯ ಜಗಳದಿಂದ ಶುರುಮಾಡಿ. ಮಕ್ಕಳು ಬಿದ್ದು ಬಿದ್ದು ನಕ್ಕರು. ಗೋಡೆಯ ಹತ್ತಿರದ ಸಾಲಿನಲ್ಲಿ ಒಬ್ಬ ಹುಡುಗಿ ಮಾತ್ರ ನಗದೆ ಡೆಸ್ಕಿನ ಮೇಲೆ ಉಗುರಿನಿಂದ ಕೆರೆಯುತ್ತ ಕೂತಿದ್ದಳು. ಅಪ್ಪನದೇ ಸಣಕಲು ಹೆಗಲು.

"ಆಗ ಒಬ್ಬಾಂವ ಹಗ್ಗ ಕಟಗೊಂಡು ಕೆಳಗ ಬಂದ," ಎಂದೆ. "ಫೋಟೋದಾಗ ಇರೋ ಸಾಹೇಬ್ರಲ್ಲ. ಅವ್ರು ಆವಾಗ ಇನ್ನೂ ಬಂದಿರಲಿಲ್ಲ. ಕೆಳಗ ಬಂದಾಂವ ಗಾಡಿ ಓಡ್ಸಾಂವ. ನನ್ನ ಮುಂದ ನಿಂತು ಅಂವ ಒಂದ ಮಾತ ಅಂದ. ಅಕ್ಕೋರ, ಮೊಬೈಲ್ ಬಿಡ್ರಿ, ಹಗ್ಗ ಹಿಡೀರಿ."

ಯಾರೂ ನಗಲಿಲ್ಲ. ಆ ಮಾತು ಅಲ್ಲಿದ್ದ ಒಂದೊಂದು ಮಗುವಿಗೂ ಬಾಯಿಪಾಠವಾಗಿತ್ತು. ಇಷ್ಟು ದಿನ ಅಂಗಳದಲ್ಲಿ ಕೂಗಿದವರೇ ಅವರು. ಗುರುಗಳು ಗೋಡೆಯ ಕಡೆ ತಿರುಗಿದರು. ಫೋಟೋದ ಒಂದು ಮೂಲೆಯನ್ನು ಎಬ್ಬಿಸತೊಡಗಿದರು. ಅಂಟು ಗಟ್ಟಿಯಾಗಿತ್ತು.

ಹುಡುಗಿ ಎದ್ದು ನಿಂತಳು. "ನಾ ಅಂದಿದ್ನಿಲ್ಲ?" ಎಂದು ಎಲ್ಲರನ್ನೂ ಒಮ್ಮೆ ನೋಡಿದಳು. ನನ್ನ ಕಡೆ ನೋಡಲೂ ಇಲ್ಲ. ನೇರ ಕಿಟಕಿಗೆ ಹೋಗಿ, ಸರಳು ಹಿಡಿದು, ಗೇಟಿಗೆ ಕೇಳುವಂತೆ ಅಪ್ಪನದೇ ದನಿಯಲ್ಲಿ ಗದರಿದಳು.

"ಅಪ್ಪಾ, ಗಾಡಿ ಬಿಡು, ಒಳಗ ಬಾ!"

ಅವನು ಒಮ್ಮೆ ಗಾಡಿಯನ್ನು ನೋಡಿದ, ಒಮ್ಮೆ ಕಿಟಕಿಯನ್ನು ನೋಡಿದ. ಆಮೇಲೆ ಚಪ್ಪಲಿಯನ್ನು ಬಾಗಿಲ ಹೊರಗೆ ಕಳಚಿ ಒಳಗೆ ಬಂದ.