ಕಂತು ಬದಲಾಗಿಲ್ಲ

ಮಾನ್ವಿಯ ವೀರಭದ್ರಮ್ಮ ಸುಮ್ಮನೆ ಮಾತಾಡಿದರೂ ಜಗಳ ಆಡಿದಂತೆ ಕೇಳುತ್ತದೆ. ಇಪ್ಪತ್ತು ವರ್ಷ ಹಿಟ್ಟಿನ ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಆದ ದನಿ. ಅವತ್ತು ಮಾತ್ರ ಆಡಿದ್ದು ಖರೇ ಜಗಳ.

ರಾಯಚೂರಿನಿಂದ ಶೈಲಜಾ ಎಂಬ ಹೆಣ್ಣುಮಗಳು ಟ್ಯಾಬ್ ಹಿಡಿದು ಗಿರಣಿಗೆ ಬಂದಿದ್ದಳು. ೨೦೨೨ರಲ್ಲಿ ರಿಸರ್ವ್ ಬ್ಯಾಂಕು ಯಾರೂ ಎಣಿಸದ ಹೊತ್ತಿನಲ್ಲಿ ಬಡ್ಡಿ ಏರಿಸಿತಲ್ಲ, ಅದರಿಂದ ಮನೆಸಾಲದವರಿಗೆ ಎಷ್ಟು ಪೆಟ್ಟು ಬಿತ್ತು ಎಂದು ಅಳೆಯುವ ಸಮೀಕ್ಷೆಯಂತೆ.

"ಬಡ್ಡಿ ಏರಿದ ಮ್ಯಾಲೆ ನಿಮ್ಮ ತಿಂಗಳ ಕಂತು ಹೆಚ್ಚಾತೇನ್ರಿ ಅಕ್ಕಾ?"

"ಇಲ್ಲ, ಅಷ್ಟೇ ಅದ."

ಶೈಲಜಾ ಬೆರಳೊತ್ತಿದಳು. 'ಪರಿಣಾಮ ಇಲ್ಲ' ಎಂದು ಬಂತು.

ವೀರಭದ್ರಮ್ಮನ ಮೈಯೆಲ್ಲ ಉರಿದುಹೋಯಿತು. ಕಂತು ಏರಿಸದೆ ಬ್ಯಾಂಕಿನವರು ವರ್ಷ ಏರಿಸಿದ್ದರು. ಅವಳ ಅರವತ್ತಕ್ಕೆ ಮುಗಿಯಬೇಕಿದ್ದ ಸಾಲ ಅರವತ್ತೇಳಕ್ಕೆ ಹೋಗಿ ಕೂತಿತ್ತು. ಧೂಳಿಗೆ ಎದೆ ಕಟ್ಟುತ್ತಿದೆ, ಗಿರಣಿ ಬಿಡು ಎಂದು ಡಾಕ್ಟರು ಹೇಳಿ ಎರಡು ವರ್ಷ. ಸಾಲ ತೀರಿದ ದಿನ ಬೀಗ ಜಡಿಯುತ್ತೇನೆ ಎಂದು ಹಲ್ಲು ಕಚ್ಚಿ ಕೂತವಳಿಗೆ, ಒಂದು ಮಾತೂ ಕೇಳದೆ, ಇನ್ನೂ ಏಳು ವರ್ಷ ಧೂಳು ಕುಡಿ ಎಂದಿದ್ದರು ಭಾಡ್ಯಾಗಳು!

"ನನ್ನ ಏಳು ವರ್ಷ ಎಲ್ಲಿ ಬರೀತಿ ಬೇ?"

"ಅದಕ್ಕ ಜಾಗ ಇಲ್ರಿ. ಕಂತಿಂದಷ್ಟ ಕೇಳು ಅಂದಾರ."

"ಈ ಓಣ್ಯಾಗ ಎಷ್ಟು ಮನಿ ಆದ್ವು?"

"ಹನ್ನೊಂದ್ರಿ. ಎಲ್ಲಾರದೂ ಪರಿಣಾಮ ಇಲ್ಲ ಅಂತನ ಬಂದದ."

"ವರ್ಷ ಎಷ್ಟು ಹೆಚ್ಚಾತು ಅಂತ ಒಬ್ಬರಿಗರ ಕೇಳೀಯೇನು?"

ಶೈಲಜಾ ಟ್ಯಾಬಿನಲ್ಲಿ ಹನ್ನೊಂದೂ ಮನೆಗಳ ಪಟ್ಟಿಯನ್ನು ಮತ್ತೆ ತೆರೆದಳು.

"ನಿಮ್ಮ ಸಮೀಕ್ಷಾಕ್ಕ ಬೆಂಕಿ ಹತ್ತಲಿ! ಹೆಣದ ಮುಂದ ಕುಂತು ನೆಗಡಿ ಅದ ಏನು ಅಂತ ಕೇಳಿದಂಗಾತು."

ಗಿರಣಿ ಬಂದ್ ಮಾಡಿದಳು. ಜೋಳ ಹಿಡಿದು ನಿಂತವರು ಗೊಣಗಿದರು. "ನಾಳೆ ಬರ್ರಿ!" ಎಂದು ಗದರಿಸಿ, ಶೈಲಜಾಳ ರಟ್ಟೆ ಹಿಡಿದು ಸಮೀಕ್ಷೆಯ ಮೊದಲ ಮನೆಗೇ ನಡೆದಳು.

ಅದು ಬಟ್ಟೆ ಹೊಲಿಯುವ ಕಮರುನ್ನೀಸಾಳ ಮನೆ. ಮಷೀನು ತುಳಿಯುತ್ತಲೇ ಆಕೆ ನಕ್ಕಳು. "ನಂದೇನೂ ಬದಲಾಗಿಲ್ಲಂತ ಮುಂಜಾನೇನ ಹೇಳೀನಲ್ಲ."

"ಬ್ಯಾಂಕಿನಿಂದ ಬಂದ ಕಾಗದ ತಾ."

ಓದದೆ ಮಡಚಿಟ್ಟಿದ್ದ ಕಾಗದ ಹೊರಬಂತು. ವೀರಭದ್ರಮ್ಮ ಕೊನೆಯ ಕಂತಿನ ತಾರೀಖಿನ ಮೇಲೆ ಬೆರಳಿಟ್ಟಳು. ಕಮರುನ್ನೀಸಾ ಬೆರಳು ಮಡಚಿ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಕಾಲು ಮಷೀನಿನ ಮೇಲೆಯೇ ನಿಂತಿತು.

"ಯಕ್ಕಾ, ಅಷ್ಟೊತ್ತಿಗೆ ನನ್ನ ಕಣ್ಣಿಗೆ ಸೂಜಿ ಕಾಣ್ತದೇನು?"